ಲಕ್ವ ಪೀಡಿತರ ಆರೈಕೆ: ಮನೆಮಂದಿಯ ಹೊಣೆ

ಪಾರ್ಶ್ವವಾಯುವನ್ನು ನಮ್ಮ ಭಾಗದ ಜನರು ಲಕ್ವ ಎಂದೇ ಕರೆಯುತ್ತಾರೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಲ್ಲಿ ಮನೆಯ ಹಿರಿಯರಿಗೆ ಲಕ್ವ ಹೊಡೆದರೆ ಹುಬ್ಬಳ್ಳಿ, ದಾವಣಗೆರೆ ಇಲ್ಲವೆ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಒಯ್ಯುವುದುಂಟು. ಕೆಲವು ದಿನಗಳ ಬಳಿಕ ರೋಗಿಯು ಮನೆಗೆ ಮರಳಿದಾಗ ಗಂಡಾಂತರ ಕಳೆಯಿತೆಂದು ಬಂಧುಬಳಗವು ನಿಟ್ಟುಸಿರು ಬಿಡುತ್ತದೆ. ಆದರೆ ಮನೆಯವರ ನಿಜವಾದ ಕಾಯಕವು ಆರಂಭವಾಗುವುದು ಅಂದಿನಿಂದಲೇ.

ಮೆದುಳಿನ ಸತ್ತ ಭಾಗವು ಮತ್ತೆ ಜೀವ ತಳೆಯದು. ಆದರೆ ಉಳಿದ ಭಾಗಗಳು ಸತತ ಅಭ್ಯಾಸದಿಂದ ಅದರ ಕೆಲಸವನ್ನು ಕೆಲಮಟ್ಟಿಗೆ ಕಲಿತುಕೊಳ್ಳಬಲ್ಲವು. ಮೊದಲ ಕೆಲವು ತಿಂಗಳುಗಳಲ್ಲಿ ಈ ಕಲಿಕೆಯು ಹೆಚ್ಚು ಚುರುಕಾಗಿರುತ್ತದೆ. ಆದುದರಿಂದ ಆ ಕಾಲವನ್ನು ಮಲಗಿಸಿಯೇ ಕಳೆಯಬಾರದು.

ಹಾಗೆಂದು ಪ್ರೀತಿಯೊಂದೇ ಸಾಲದು. ಭಾರತದ ೧೪ ಆಸ್ಪತ್ರೆಗಳಲ್ಲಿ ೧,೨೫೦ ರೋಗಿಗಳನ್ನು ಒಳಗೊಂಡು ನಡೆದ ಅಧ್ಯಯನವೊಂದು ೨೦೧೭ರಲ್ಲಿ ಪ್ರಕಟವಾಯಿತು. ಮನೆಯವರಿಗೆ ವಿಶೇಷ ತರಬೇತಿ ನೀಡಿದ ಗುಂಪಿನಲ್ಲಿಯೂ, ನೀಡದ ಗುಂಪಿನಲ್ಲಿಯೂ ಆರು ತಿಂಗಳ ನಂತರ ನೂರಕ್ಕೆ ೪೭ ಜನ ಮೃತರಾಗಿದ್ದರು ಅಥವಾ ಪರಾವಲಂಬಿಗಳಾಗಿದ್ದರು. ಮನೆಯವರ ಸೇವೆ ವ್ಯರ್ಥವೆಂದು ಇದರ ಅರ್ಥವಲ್ಲ. ಮನೆಯವರಿಗೆ ಕಲಿಸಿಕೊಟ್ಟಲ್ಲಿಗೆ ಎಲ್ಲವೂ ಮುಗಿಯಿತೆಂದು ಭಾವಿಸಲಾಗದು ಎಂಬುದೇ ಇದರ ಪಾಠ. ಮನೆಯ ಆರೈಕೆಯ ಜೊತೆಗೆ ವೈದ್ಯರ ಮರುತಪಾಸಣೆಯೂ, ವ್ಯಾಯಾಮ ಚಿಕಿತ್ಸಕರ ಮಾರ್ಗದರ್ಶನವೂ ನಡೆಯುತ್ತಿರಬೇಕು.

ಆಸ್ಪತ್ರೆ ಬಿಡುವ ಮುನ್ನವೇ ಕೆಲವನ್ನು ಕೇಳಿ ಕಲಿಯಬೇಕು. ತಾನಾಗಿ ಹೊರಳಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿದರೆ ಬೆನ್ನುಹುಣ್ಣನ್ನು ತಡೆಯಬಹುದು. ಬಿದ್ದುಹೋದ ಕೈಯನ್ನು ಹಿಡಿದೆಳೆದು ಎಬ್ಬಿಸಬಾರದು. ಭುಜದ ಕೀಲು ಸರಿಯುತ್ತದೆ. ನೆಟ್ಟಗೆ ಕೂರಿಸದೆ ಗಂಜಿಯನ್ನಾಗಲಿ ನೀರನ್ನಾಗಲಿ ಕೊಡಲೇಬಾರದು. ನುಂಗುವಾಗ ಕೆಮ್ಮು ಬಂದರೆ ಆಹಾರವು ಶ್ವಾಸನಾಳಕ್ಕೆ ಇಳಿಯುತ್ತಿರಬಹುದು. ಕೂಡಲೇ ವೈದ್ಯರಿಗೆ ತಿಳಿಸಬೇಕು. ನಾಟಿ ಔಷಧಿಯನ್ನು ನಂಬಿ ರಕ್ತದೊತ್ತಡದ ಗುಳಿಗೆಗಳನ್ನು ನಿಲ್ಲಿಸುವುದು ಎರಡನೆಯ ಆಘಾತಕ್ಕೆ ದಾರಿ ಮಾಡಿಕೊಟ್ಟಂತೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ ೧೦೮ಕ್ಕೆ ಕರೆಮಾಡಬೇಕು. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ.

ಮಾತು ಹೋದವರಿಗೆ ತಿಳಿವಳಿಕೆಯೂ ಹೋಯಿತೆಂದು ಭಾವಿಸುವುದು ದೊಡ್ಡ ತಪ್ಪು. ಅವರ ಎದುರಿಗೇ "ಇನ್ನೇನೂ ಉಳಿದಿಲ್ಲ" ಎನ್ನಬಾರದು. ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿದರೂ ತಾಳ್ಮೆಯಿಂದ ಕಾಯಬೇಕು. ಆ ಪ್ರಯತ್ನವೇ ವ್ಯಾಯಾಮ.

ಕೊನೆಯದಾಗಿ, ಆರೈಕೆ ಮಾಡುವವರ ಆರೈಕೆ. ಅನೇಕ ಮನೆಗಳಲ್ಲಿ ಈ ಭಾರವೆಲ್ಲ ಸೊಸೆಯ ಅಥವಾ ಮಡದಿಯ ಹೆಗಲಿಗೇ ಬೀಳುತ್ತದೆ. ರಾತ್ರಿ ನಿದ್ರೆಯಿಲ್ಲ, ಎತ್ತಿ ಇಳಿಸಿ ಸೊಂಟನೋವು, ಮನಸ್ಸಿಗೆ ಬೇಸರ. ಊರಿನಲ್ಲಿರುವ ಗಂಡಸರು ರಾತ್ರಿಯ ಪಾಳಿಯನ್ನೂ ಸ್ನಾನ ಮಾಡಿಸುವುದನ್ನೂ ವಹಿಸಿಕೊಳ್ಳಲಿ. ಪಟ್ಟಣದಲ್ಲಿರುವ ಮಕ್ಕಳು ಹಣ ಕಳಿಸುವುದರ ಜೊತೆಗೆ ತಿಂಗಳಿಗೆ ಕೆಲವು ದಿನವಾದರೂ ಬಂದು ನಿಲ್ಲಲಿ. ನೋಡಲು ಬರುವ ನೆಂಟರು ಹಣ್ಣು ತರುವ ಬದಲು ಒಂದು ಮಧ್ಯಾಹ್ನ ರೋಗಿಯ ಬಳಿ ಕುಳಿತು ಆ ತಾಯಿಗೆ ನಿದ್ರಿಸಲು ಬಿಡಲಿ.

ದಾಸೋಹವನ್ನು ಬಲ್ಲ ಮನೆತನಗಳಿಗೆ ಹೆಚ್ಚು ಹೇಳಬೇಕಾಗಿಲ್ಲ. ಹಂಚಿಕೊಂಡ ಸೇವೆಯು ರೋಗಿಯನ್ನೂ ಉಳಿಸುತ್ತದೆ, ಸೇವೆ ಮಾಡುವವರನ್ನೂ ಉಳಿಸುತ್ತದೆ.