ಗುಲಾಬಿ ಬಣ್ಣದ ಪರೀಕ್ಷೆ

ಈಜುಕೊಳದ ಹತ್ತಿರ ಹೋಗುತ್ತಿದ್ದಂತೆ ಮೂಗಿಗೆ ಘಾಟು ಬಡಿದರೆ, ‘ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ, ಭಯವಿಲ್ಲ’ ಎಂದುಕೊಂಡು ಮಕ್ಕಳನ್ನು ನೀರಿಗಿಳಿಸುವವರೇ ಹೆಚ್ಚು. ಆದರೆ ಆ ಘಾಟು ಬಹುಪಾಲು ಕ್ಲೋರಮೈನ್‌ಗಳದ್ದು. ಈಜುವವರ ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಬೆರೆತಾಗ ಹುಟ್ಟುವ ಇವು ಕಣ್ಣು ಕೆಂಪಾಗಿಸುತ್ತವೆ, ಕೆಮ್ಮು ಬರಿಸುತ್ತವೆ. ರೋಗಾಣು ಕೊಲ್ಲುವ ಶಕ್ತಿ ಮಾತ್ರ ಬಹಳ ಕಡಿಮೆ. ಕೊಳದಲ್ಲಿ ಮೂತ್ರ ಎಷ್ಟಿರುತ್ತದೆ ಎಂಬುದನ್ನು ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಲೆಕ್ಕ ಹಾಕಿದರು. ಅಸೆಸಲ್ಫೇಮ್-ಕೆ ಎಂಬ ಕೃತಕ ಸಿಹಿ ದೇಹದೊಳಗೆ ಬದಲಾಗದೆ ಮೂತ್ರದಲ್ಲಿ ಹಾಗೆಯೇ ಹೊರಬೀಳುತ್ತದೆ. ನೀರಿನಲ್ಲಿ ಅದರ ಪ್ರಮಾಣ ನೋಡಿ, ಸುಮಾರು 8,30,000 ಲೀಟರಿನ ಕೊಳವೊಂದರಲ್ಲಿ 75 ಲೀಟರ್ ಮೂತ್ರವಿದೆಯೆಂದು ಅಂದಾಜಿಸಿದರು.

ಮೂಗು ನಂಬುವಂಥದ್ದಲ್ಲ, ತಿಳಿನೀಲಿಯಾಗಿ ಹೊಳೆಯುವ ನೀರನ್ನು ನೋಡಿ ಕಣ್ಣೂ ಮೋಸಹೋಗುತ್ತದೆ. ಕೊಳದ ದಂಡೆಯಲ್ಲೇ ಮಾಡುವ ಪರೀಕ್ಷೆಯೊಂದಿದೆ. ಫಿಲ್ಟರಿನಿಂದ ನೀರು ಒಳಬರುವ ಜಾಗದಿಂದ ದೂರ ಸರಿದು, ಮೊಣಕೈ ಮುಳುಗುವಷ್ಟು ಆಳದ ನೀರನ್ನು ಪುಟ್ಟ ಗಾಜಿನ ನಳಿಕೆಗೆ ತುಂಬಿಕೊಳ್ಳಬೇಕು. ಒಂದನೇ ನಂಬರಿನ ಡಿಪಿಡಿ ಗುಳಿಗೆಯನ್ನು ಅದರಲ್ಲಿ ಪುಡಿಮಾಡಿದರೆ ನೀರು ಗುಲಾಬಿಗೆ ತಿರುಗುತ್ತದೆ. ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡಿದರೆ ಮುಕ್ತ ಕ್ಲೋರಿನ್, ಅಂದರೆ ಇನ್ನೂ ಕೆಲಸ ಮಾಡಬಲ್ಲ ಕ್ಲೋರಿನ್ ಎಷ್ಟೆಂದು ಗೊತ್ತಾಗುತ್ತದೆ. ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಬೇಕು. ಅದೇ ನಳಿಕೆಗೆ ಮೂರನೇ ನಂಬರಿನ ಗುಳಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟಾಗ ಬಣ್ಣ ಎಷ್ಟು ಗಾಢವಾಗುತ್ತದೋ, ಅದು ಕ್ಲೋರಮೈನ್‌ಗಳ ಪಾಲು.

ಇಲ್ಲೊಂದು ಅಪಾಯವಿದೆ. ಕ್ಲೋರಿನ್ ವಿಪರೀತವಾಗಿದ್ದರೆ ಅದು ಗುಲಾಬಿ ಬಣ್ಣವನ್ನೇ ಅಳಿಸಿಬಿಡುತ್ತದೆ. ಬಣ್ಣ ಬರಲಿಲ್ಲವೆಂದು ಸಿಬ್ಬಂದಿ ಇನ್ನಷ್ಟು ಸುರಿದರೆ ಈಜುವವರ ಚರ್ಮ, ಕಣ್ಣುಗಳ ಗತಿ ಊಹಿಸಿ. ಅನುಮಾನ ಬಂದಾಗ ಮಾದರಿಗೆ ಕ್ಲೋರಿನ್ ಇಲ್ಲದ ನೀರು ಬೆರೆಸಿ ಮತ್ತೆ ಪರೀಕ್ಷಿಸಬೇಕು.

ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಮಟ್ಟ ನೋಡದಿದ್ದರೆ ಕ್ಲೋರಿನ್‌ನ ಈ ಅಂಕಿಗೂ ಅರ್ಥವಿಲ್ಲ. ರೋಗಾಣುವನ್ನು ಚುರುಕಾಗಿ ಕೊಲ್ಲುವುದು ಹೈಪೋಕ್ಲೋರಸ್ ಆಮ್ಲ. ಪಿಎಚ್ 7.5ರಲ್ಲಿ ಮುಕ್ತ ಕ್ಲೋರಿನ್‌ನ ಸುಮಾರು ಅರ್ಧ ಈ ರೂಪದಲ್ಲಿದ್ದರೆ, 8ಕ್ಕೆ ಏರಿದಾಗ ಕಾಲುಭಾಗವೂ ಉಳಿಯುವುದು ಕಷ್ಟ. ನಮ್ಮಲ್ಲಿ ಧಾರಾಳವಾಗಿ ಬಳಸುವ ಬ್ಲೀಚಿಂಗ್ ಪೌಡರ್ ಪಿಎಚ್ಚನ್ನು ಮೇಲಕ್ಕೇ ತಳ್ಳುತ್ತದೆ. ಜೊತೆಗೆ ಬಿಸಿಲು. ತೆರೆದ ಕೊಳದಲ್ಲಿ ಬೆಳಿಗ್ಗೆ ಹಾಕಿದ ಕ್ಲೋರಿನ್ ಮಧ್ಯಾಹ್ನದೊಳಗೆ ಬಹುಪಾಲು ಕರಗಿಹೋಗಬಹುದು. ಏಪ್ರಿಲ್-ಮೇ ರಜೆಯಲ್ಲಿ ಮಕ್ಕಳು ಕಿಕ್ಕಿರಿದಿರುವಾಗ ದಿನಕ್ಕೊಮ್ಮೆ ಪರೀಕ್ಷಿಸಿ ಕೈತೊಳೆದುಕೊಳ್ಳುವುದು ತಪ್ಪೆಂದೇ ನನ್ನ ಅಭಿಪ್ರಾಯ. ಪ್ರತಿ ಬಾರಿಯ ಅಂಕಿಯನ್ನೂ ಟಿಕೆಟ್ ಕೌಂಟರಿನ ಪಕ್ಕ, ಎಲ್ಲರಿಗೂ ಕಾಣುವಂತೆ ಬರೆಯಬೇಕು.

ಬ್ಯಾಕ್ಟೀರಿಯಾ ಪರೀಕ್ಷೆ ಪ್ರಯೋಗಾಲಯದ್ದು. ಮಾದರಿಯ ಬಾಟಲಿಗೆ ಮೊದಲೇ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತಲೇ ಇದ್ದು, ಕೊಳಕು ನೀರೂ ಶುದ್ಧವೆನಿಸಿಕೊಳ್ಳುತ್ತದೆ. ಫಲಿತಾಂಶಕ್ಕೆ ಒಂದೆರಡು ದಿನ ಬೇಕು. ಅಷ್ಟರಲ್ಲಿ ನೂರಾರು ಜನ ಈಜಿ ಹೋಗಿರುತ್ತಾರೆ.

ಕ್ರಿಪ್ಟೋಸ್ಪೊರಿಡಿಯಂ ಎಂಬ ಭೇದಿಯ ಪರಾವಲಂಬಿಯಂತೂ ಇವೆಲ್ಲವನ್ನೂ ಮೀರಿದ್ದು. ಈ. ಕೊಲೈ ನಿಮಿಷದೊಳಗೆ ಸಾಯುವ, ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ನೀರಿನಲ್ಲಿ ಇದು 10 ದಿನವಾದರೂ ಬದುಕಬಲ್ಲದು. ಗುಲಾಬಿ ಬಣ್ಣ ಸರಿಯಾಗಿದ್ದರೂ ಇದು ಒಳಗಿರಬಹುದು. ಆದ್ದರಿಂದ ಭೇದಿಯಾಗುತ್ತಿರುವ ಮಗುವನ್ನು ನೀರಿಗಿಳಿಸಲೇಬಾರದು. ಕಾರಣ ಈ ಪರಾವಲಂಬಿಯೇ ಎಂದು ವೈದ್ಯರು ಹೇಳಿದ್ದರೆ, ಭೇದಿ ನಿಂತ ಮೇಲೂ ಎರಡು ವಾರ ಈಜು ಬೇಡ.