ದಾದಿಯರೂ ಅನುವಂಶೀಯತೆಯ ಅರಿವೂ

ನಮ್ಮ ಅನೇಕ ಕಥೋಲಿಕ ಕುಟುಂಬಗಳಲ್ಲಿ ದಾದಿಯಾಗಿ ಸೇವೆ ಸಲ್ಲಿಸುವ ಮಗಳೋ ಸೊಸೆಯೋ ಇರುತ್ತಾರೆ. ವೈದ್ಯರು ರೋಗಿಯ ಬಳಿ ಕೆಲವು ನಿಮಿಷ ನಿಂತು ಹೋಗುತ್ತಾರೆ. ಅವರು ಹೇಳಿದ್ದರ ಅರ್ಥವನ್ನು ಮನೆಯವರು ವಿಚಾರಿಸುವುದು ದಾದಿಯಲ್ಲಿ. ಆದುದರಿಂದ ಅನುವಂಶೀಯ ವಿಜ್ಞಾನವು ಪ್ರಯೋಗಾಲಯಕ್ಕೆ ಸೇರಿದ್ದು, ಶುಶ್ರೂಷೆಗೆ ಸಂಬಂಧಿಸಿದ್ದಲ್ಲ ಎಂಬ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಈ ವಿಷಯಕ್ಕೆ ರೋಗಶಾಸ್ತ್ರದ ಜತೆಯಲ್ಲಿ ಸ್ಥಾನವಿದೆ. ಪರೀಕ್ಷೆ ಮುಗಿದೊಡನೆ ಅದು ಮರೆತುಹೋಗಬಾರದಷ್ಟೆ.

ಥಲಸೇಮಿಯಾ ಎಂಬ ರಕ್ತದ ಕಾಯಿಲೆಯನ್ನೇ ನೋಡೋಣ. ಅದರ ತೀವ್ರ ರೂಪಕ್ಕೆ ತುತ್ತಾದ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಬೇಕಾಗುತ್ತದೆ. ಅಂತಹ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಚಿಕಿತ್ಸೆಯದಲ್ಲ, ಇದು ಯಾರ ಕಡೆಯಿಂದ ಬಂತು ಎಂಬುದು. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಯೇಸುವಿನಲ್ಲಿ ಹೆಚ್ಚುಕಡಿಮೆ ಇದನ್ನೇ ಕೇಳಿದ್ದರು. ಬೆರಳು ಬಹುಬೇಗ ತಾಯಿಯತ್ತ ತಿರುಗುವುದನ್ನು ನಾವು ಬಲ್ಲೆವು. ತತ್ತ್ವಶಾಸ್ತ್ರವು ಕಾರಣವನ್ನೂ ಅಪರಾಧವನ್ನೂ ಬೇರೆಬೇರೆಯಾಗಿ ವಿಚಾರಿಸುತ್ತದೆ. ಅರಿತು, ಇಚ್ಛಿಸಿ ಮಾಡದುದರಲ್ಲಿ ಅಪರಾಧವಿಲ್ಲ. ಆದರೆ ಅಳುತ್ತಿರುವ ತಾಯಿಗೆ ತತ್ತ್ವಶಾಸ್ತ್ರಕ್ಕಿಂತ ದಾದಿಯ ಎರಡು ಮಾತು ಹೆಚ್ಚು ನೆರವಾದೀತು: ಈ ಕಾಯಿಲೆ ಬರಬೇಕಾದರೆ ದೋಷವುಳ್ಳ ವಂಶವಾಹಿಯು ತಂದೆ ತಾಯಿ ಇಬ್ಬರಿಂದಲೂ ಬಂದಿರಬೇಕು, ಇಬ್ಬರೂ ಆರೋಗ್ಯವಂತರಾಗಿಯೇ ಇದ್ದುದರಿಂದ ಅದು ತಮ್ಮಲ್ಲಿರುವುದನ್ನು ಅವರು ಅರಿತಿರಲಿಲ್ಲ. ಈ ಮಾತನ್ನು ಅತ್ತೆಯವರ ಎದುರಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು.

ಇಂತಹ ದಂಪತಿಗಳ ಮಕ್ಕಳಲ್ಲಿ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಇದನ್ನು ಕೇಳಿದವರು, ಒಂದು ಮಗುವಿಗೆ ಬಂದಾಯಿತು, ಇನ್ನು ಮೂವರಿಗೆ ಭಯವಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದುಂಟು. ಇದು ಅಪಾಯಕರವಾದ ತಪ್ಪು ತಿಳುವಳಿಕೆ. ಪ್ರತಿಯೊಂದು ಗರ್ಭಧಾರಣೆಯಲ್ಲಿಯೂ ಲೆಕ್ಕ ಹೊಸದಾಗಿಯೇ ಆರಂಭವಾಗುತ್ತದೆ. (ಈ ಲೆಕ್ಕದ ಮೂಲವನ್ನು ಬಟಾಣಿ ಗಿಡಗಳಲ್ಲಿ ಕಂಡುಕೊಂಡ ಗ್ರೆಗೊರ್ ಮೆಂಡೆಲ್ ಅಗಸ್ಟೀನಿಯನ್ ಸಂನ್ಯಾಸಿ. 1866ರಲ್ಲಿ ಅಚ್ಚಾದ ಅವರ ಪ್ರಬಂಧಕ್ಕೆ 1900ರಲ್ಲಿ ಮರುಜೀವ ಬಂತು.)

ಥಲಸೇಮಿಯಾ ವಾಹಕಳಾದ ಗರ್ಭಿಣಿಯಲ್ಲಿ ರಕ್ತಹೀನತೆ ಕಾಣಿಸಿಕೊಳ್ಳಬಹುದು. ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ನುಂಗಿಯೂ ಹಿಮೋಗ್ಲೋಬಿನ್ ಏರದಿದ್ದರೆ, ಆಕೆ ಮಾತ್ರೆ ಎಸೆದಿರಬೇಕೆಂದು ಗದರಿಸುವ ಮೊದಲು ಅದನ್ನು ವೈದ್ಯರ ಗಮನಕ್ಕೆ ತರಬೇಕು. ಹಿಮೋಗ್ಲೋಬಿನ್ ಎ-2 ಪ್ರಮಾಣವನ್ನು ಅಳೆಯುವ ರಕ್ತಪರೀಕ್ಷೆಯಿಂದ ನಿಜಾಂಶ ತಿಳಿಯುತ್ತದೆ.

ಮಂಗಳೂರಿನವರಿಗೆ ಚಿರಪರಿಚಿತವಾದ ಮಲೇರಿಯಾದಲ್ಲಿಯೂ ಅನುವಂಶೀಯತೆಯ ಮಾತಿದೆ. ವೈವಾಕ್ಸ್ ಮಲೇರಿಯಾ ಮರುಕಳಿಸದಂತೆ 14 ದಿನಗಳ ಪ್ರೈಮಾಕ್ವಿನ್ ಕೊಡುವುದು ವಾಡಿಕೆ. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ ಈ ಮಾತ್ರೆ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಕೊರತೆಯು ಹೆಚ್ಚಾಗಿ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ತಾಯಿಯ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಔಷಧ ಸೇವಿಸಿದಾಗ ಹೀಗಾಗಿತ್ತೇ ಎಂದು ಮೊದಲೇ ಕೇಳುವ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದೊಡನೆ ವೈದ್ಯರನ್ನು ಕರೆಯುವ ದಾದಿ ಒಂದು ಜೀವವನ್ನು ಉಳಿಸಿಯಾಳು.

ದಂಪತಿಗಳು ರಕ್ತಸಂಬಂಧಿಗಳೇ ಎಂದೂ ಆಕೆ ಕೇಳಬೇಕಾಗುತ್ತದೆ. ಸೋದರಮಾವನನ್ನು ವರಿಸುವ ರೂಢಿ ನಮ್ಮ ನಾಡಿನಲ್ಲಿದೆ. ಧರ್ಮಸಭೆಯ ಕಾನೂನು ಅಂತಹ ವಿವಾಹವನ್ನು ನಿಷೇಧಿಸಿರುವುದರಿಂದ ಧರ್ಮಗುರುಗಳಾದ ನಾವೂ ಮದುವೆಗೆ ಮುನ್ನ ಇದೇ ಪ್ರಶ್ನೆಯನ್ನು ಕೇಳುತ್ತೇವೆ. ಉದ್ದೇಶ ಬೇರೆ, ಉತ್ತರ ಒಂದೇ.

ಇಷ್ಟೆಲ್ಲ ತಿಳಿದ ದಾದಿಗೆ ಮೌನವೂ ತಿಳಿದಿರಬೇಕು. ರೋಗಿಯ ಅಕ್ಕತಂಗಿಯರೂ ವಾಹಕರಾಗಿರಬಹುದು. ಅವರು ಮದುವೆಗೆ ಮುನ್ನ ಪರೀಕ್ಷೆ ಮಾಡಿಸಿಕೊಳ್ಳುವುದು ಹಿತಕರ. ಆದರೆ ಪರೀಕ್ಷೆಯ ಫಲವು ಚರ್ಚಿನ ಅಂಗಳದಲ್ಲಿ ಮಾತಿನ ವಸ್ತುವಾದರೆ ಆ ಹುಡುಗಿಯರ ಸಂಬಂಧಗಳು ಮುರಿದುಬೀಳುತ್ತವೆ. ಹೀಗೆ ಮುರಿಯುವುದಕ್ಕೆ ಆಧಾರವೂ ಇಲ್ಲ. ವಾಹಕಳು ರೋಗಿಯಲ್ಲ. ಇಂತಹ ಯಾವ ರಕ್ತದೋಷದ ವಾಹಕನೂ ಅಲ್ಲದವನನ್ನು ಆಕೆ ವರಿಸಿದರೆ, ಮಕ್ಕಳಲ್ಲಿ ಕೆಲವರು ಆಕೆಯಂತೆಯೇ ವಾಹಕರಾದಾರು. ತೀವ್ರ ಥಲಸೇಮಿಯಾ ಅವರನ್ನು ಬಾಧಿಸದು.