ಮನೆಯೇ ಸಾಲಿ, ಮುಂಬೈಯೇ ಪಾಟಿ

"ಮಕ್ಕಳು ಯಾವ ಸ್ಕೂಲು?" ಮುಂಬೈಯಲ್ಲಿ ಕನ್ನಡಿಗರು ಎಲ್ಲೇ ಭೇಟಿಯಾಗಲಿ, ಊರು ಯಾವುದೆಂದು ಕೇಳಿದ ಬೆನ್ನಿಗೇ ಬರುವ ಪ್ರಶ್ನೆ ಇದು. "ಮನೆಯಲ್ಲೇ ಓದಿಸ್ತೀವಿ" ಎಂದರೆ ಮಾತು ಒಂದು ಕ್ಷಣ ನಿಂತುಹೋಗುತ್ತದೆ. ಆಮೇಲೆ ಸಾಲಾಗಿ ಮೂರು ಪ್ರಶ್ನೆಗಳು: ಕಾನೂನು ಒಪ್ಪುತ್ತದೆಯೇ? ಮುಂದೆ ಪರೀಕ್ಷೆ ಹೇಗೆ? ಏನನ್ನು ಓದಿಸುತ್ತೀರಿ? ಎರಡು ವರ್ಷಗಳಿಂದ ಇವಕ್ಕೆ ಉತ್ತರ ಹುಡುಕುತ್ತಿರುವವಳಾಗಿ, ಇದೇ ಯೋಚನೆಯಲ್ಲಿರುವ ಹೊರನಾಡ ಕನ್ನಡಿಗರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಾವಿರುವುದು ಠಾಣೆಯಲ್ಲಿ. ಮಗಳಿಗೆ ಏಳು ವರ್ಷ, ಮಗನಿಗೆ ಐದು. ನನ್ನದು ಲೆಕ್ಕಪತ್ರದ ಕೆಲಸ. ಹೆಚ್ಚಿನದು ಮನೆಯಿಂದಲೇ ನಡೆಯುತ್ತದೆ. ಮಗಳು ಶಾಲೆಯೊಂದಕ್ಕೆ ಕೆ.ಜಿ.ಗೆ ಹೋಗುತ್ತಿದ್ದಾಗ ಬಸ್ಸಿನಲ್ಲೇ ದಿನಕ್ಕೆ ಒಂದೂವರೆ ಗಂಟೆ ಕಳೆಯುತ್ತಿದ್ದಳು. ಮನೆಗೆ ಬಂದರೆ ಅಕ್ಷರ ತಿದ್ದುವ ಹೋಮ್‌ವರ್ಕ್. ಧಾರವಾಡದ ಅಜ್ಜಿ ಫೋನಿನಲ್ಲಿ ಕನ್ನಡದಲ್ಲಿ ಕೇಳಿದರೆ ಈಕೆ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗಿದಳು. ಒಂದನೇ ಇಯತ್ತೆಗೆ ಸೇರಿಸುವ ಮೊದಲು ನಾವಿಬ್ಬರೂ ಕೂತು ಮಾತಾಡಿ, ಕೆಲವು ವರ್ಷ ಮನೆಯಲ್ಲೇ ಕಲಿಸೋಣವೆಂದು ನಿರ್ಧರಿಸಿದೆವು. ಅಮ್ಮನಿಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ. "ಅಲ್ಲವಾ, ಸಾಲಿ ಕಟ್ಟಿ ಹತ್ತದ ಹುಡುಗರನ್ನ ನಾಳೆ ಯಾರ್ ಕೇಳ್ತಾರ?" ಎನ್ನುತ್ತಾಳೆ. ಆಕೆಯ ಆತಂಕ ಸುಳ್ಳಲ್ಲ. ಆದ್ದರಿಂದ ಕಾನೂನಿನಿಂದಲೇ ಶುರು ಮಾಡುತ್ತೇನೆ.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಎನ್ನುವ ಆ ಕಾಯ್ದೆಯ 10ನೇ ಸೆಕ್ಷನ್, ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಮನೆಶಿಕ್ಷಣದ ಹೆಸರನ್ನೇ ಅದು ಎತ್ತುವುದಿಲ್ಲ; ಶಾಲೆಗೆ ಸೇರಿಸದ ಪೋಷಕರಿಗೆ ದಂಡವನ್ನೂ ಹೇಳುವುದಿಲ್ಲ. ಹೀಗಾಗಿ ಮನೆಯಲ್ಲಿ ಕಲಿಸುವವರು ಪರವಾನಗಿಯೂ ಇಲ್ಲದ, ಶಿಕ್ಷೆಯೂ ಇಲ್ಲದ ಜಾಗದಲ್ಲಿ ನಿಂತಿರುತ್ತಾರೆ. ಇದನ್ನು ತಿಳಿದೇ ಹೆಜ್ಜೆ ಇಡಬೇಕು. ನಮಗೆ ಧೈರ್ಯ ಕೊಟ್ಟಿದ್ದು 4ನೇ ಸೆಕ್ಷನ್. ಆರು ವರ್ಷ ದಾಟಿಯೂ ಶಾಲೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಅಂದರೆ ಮರಳುವ ಬಾಗಿಲು ತೆರೆದಿದೆ. ಇಷ್ಟಪಟ್ಟ ಖಾಸಗಿ ಶಾಲೆಯಲ್ಲಿ ಆಗ ಸೀಟು ಇರುತ್ತದೋ ಇಲ್ಲವೋ, ಅದು ಬೇರೆ ಮಾತು.

ಪರೀಕ್ಷೆಗೆ ದಾರಿಯಿದೆ. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆಯೇ ಇಂದಿನ ಎನ್‌ಐಒಎಸ್. ಅದರ ಮುಕ್ತ ಮೂಲ ಶಿಕ್ಷಣದಲ್ಲಿ ಎ, ಬಿ, ಸಿ ಎಂಬ ಮೂರು ಹಂತಗಳಿದ್ದು, ಅವು ಕ್ರಮವಾಗಿ 3, 5 ಮತ್ತು 8ನೇ ತರಗತಿಗೆ ಸಮ. ಹದಿನಾಲ್ಕು ತುಂಬಿದವರು ಅಲ್ಲಿಂದಲೇ ಹತ್ತನೆಯ ಪರೀಕ್ಷೆ ಬರೆಯಬಹುದು.

ಮುಂಬೈಯಲ್ಲಿ ಈ ವಿಷಯ ಬಂದಾಗಲೆಲ್ಲ ಮಾಳವಿಕಾ ರಾಜ್ ಜೋಶಿ ಹೆಸರು ಬರುತ್ತದೆ. ದಾದರಿನ ಶಾಲೆಯೊಂದರಲ್ಲಿ ಓದುತ್ತಿದ್ದ ಆಕೆಯನ್ನು ತಾಯಿ ಏಳನೆಯ ತರಗತಿಯಲ್ಲಿದ್ದಾಗ ಬಿಡಿಸಿ ಮನೆಯಲ್ಲಿ ಕಲಿಸಿದರು. ಹತ್ತು, ಹನ್ನೆರಡರ ಪ್ರಮಾಣಪತ್ರವಿಲ್ಲದ ಆಕೆಗೆ ಇಲ್ಲಿನ ಐಐಟಿಗಳ ಬಾಗಿಲು ತೆರೆಯಲಿಲ್ಲ. ಆದರೆ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ಗೆದ್ದ ಮೂರು ಪದಕಗಳ ಬಲದಿಂದ 2016ರಲ್ಲಿ ಅಮೆರಿಕದ ಎಂಐಟಿ ಸೇರಿಸಿಕೊಂಡಿತು. ಈ ಕಥೆಯನ್ನು ನಮ್ಮ ಮಕ್ಕಳ ಭವಿಷ್ಯವಾಣಿಯಂತೆ ಓದಬಾರದು. ಪ್ರಮಾಣಪತ್ರವಿಲ್ಲದಿದ್ದರೆ ಯಾವ ಬಾಗಿಲು ಮುಚ್ಚುತ್ತದೆ ಎಂಬುದನ್ನೂ ಅದೇ ಕಥೆ ಹೇಳುತ್ತದೆ.

ಇನ್ನು ಏನನ್ನು ಓದಿಸುವುದು? ಈಗ ಅಂತರ್ಜಾಲದಲ್ಲಿ ಹುಡುಕಿದರೆ ಸಾವಿರಾರು ರೂಪಾಯಿಯ ಮಾಂಟೆಸ್ಸರಿ ಪೆಟ್ಟಿಗೆಗಳು, ತಿಂಗಳ ಚಂದಾದ ಆ್ಯಪ್‌ಗಳು, ವಿದೇಶಿ ಪಠ್ಯಕ್ರಮದ ಕಟ್ಟುಗಳು ಎದುರಾಗುತ್ತವೆ. ಕೊಳ್ಳುವ ಮೊದಲು ನಮ್ಮ ಪಶ್ಚಿಮ ರೈಲ್ವೆ ಹಳಿಯ ತುದಿಯಲ್ಲೇ ನಡೆದ ಒಂದು ಪ್ರಯೋಗವನ್ನು ನೆನೆಯುವುದು ಒಳ್ಳೆಯದು. 1892ರಲ್ಲಿ ಮುಂಬೈಯಲ್ಲಿ ಹುಟ್ಟಿದ ತಾರಾಬಾಯಿ ಮೋಡಕ್, ಗುಜರಾತಿನ ಗಿಜುಭಾಯಿ ಬಧೇಕಾ ಅವರ ಜತೆ ಭಾವನಗರದಲ್ಲಿ ಶಿಶುಶಿಕ್ಷಣದ ಕೆಲಸ ಮಾಡಿದವರು. 1945ರಲ್ಲಿ ಡಹಾಣು ಬಳಿಯ ಬೋರ್ಡಿಯಲ್ಲಿ ಹಳ್ಳಿ ಮಕ್ಕಳಿಗಾಗಿ ಬಾಲವಾಡಿ ಆರಂಭಿಸಿದರು. ಅನುತಾಯಿ ವಾಘ್ ಅವರ ಜತೆಗೂಡಿದರು. ಮುಂದೆ ಕೋಸ್ಬಾಡದ ಗುಡ್ಡದಲ್ಲಿ ಆದಿವಾಸಿ ಮಕ್ಕಳ ನಡುವೆ ಆ ಕೆಲಸ ಬೆಳೆಯಿತು. ಮಾಂಟೆಸ್ಸರಿ ತತ್ವವನ್ನು ಇಟ್ಟುಕೊಂಡು ದುಬಾರಿ ಸಾಮಗ್ರಿಯನ್ನು ಅವರು ಕೈಬಿಟ್ಟರು. ಎಣಿಸಲು ಬೀಜ, ಹರಳು, ಚಿಪ್ಪು. ಬಣ್ಣ ಗುರುತಿಸಲು ಹೂವು, ಎಲೆ. ಮಕ್ಕಳು ಬಾರದಿದ್ದರೆ ಅವರ ಅಂಗಳಕ್ಕೇ ಹೋಗಿ ಕಲಿಸಿದರು. ಇಂದು ನಾವೆಲ್ಲ ಬಳಸುವ 'ಅಂಗನವಾಡಿ' ಎಂಬ ಪದ ಆ ಅಂಗಳದಿಂದ ಬಂದದ್ದು.

ಇದರಿಂದ ನಾನು ಮೂರು ಪರೀಕ್ಷೆಗಳನ್ನು ಮಾಡಿಕೊಂಡಿದ್ದೇನೆ. ಸಾಮಗ್ರಿಯನ್ನು ಮಗು ತಾನೇ ಕೈಯಲ್ಲಿ ಹಿಡಿದು ಬಳಸಬಹುದೇ? ಒಂದೇ ವಸ್ತುವಿನಿಂದ ಮೂರ್ನಾಲ್ಕು ಬಗೆಯ ಕೆಲಸ ಆಗುತ್ತದೆಯೇ? ಅದು ಮನೆಯಲ್ಲೋ ಕೆಳಗಿನ ಕಿರಾಣಿ ಅಂಗಡಿಯಲ್ಲೋ ಆಗಲೇ ಸಿಗುವಂಥದ್ದೇ? ಮೂರನೆಯದಕ್ಕೆ ಹೌದು ಎಂದಾದರೆ ಕೊಳ್ಳುವ ಮಾತೇ ಇಲ್ಲ. ಹುಣಸೆಬೀಜ ಮತ್ತು ಚೌಕಾಬಾರದ ಕವಡೆ ನಮ್ಮ ಮನೆಯಲ್ಲಿ ಕೂಡುವ, ಕಳೆಯುವ ಲೆಕ್ಕವನ್ನು ನೂರರವರೆಗೆ ಸಲೀಸಾಗಿ ದಾಟಿಸಿವೆ.

ಕನ್ನಡ ಅಕ್ಷರಕ್ಕೆ ನೆರವಾದದ್ದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಹುಟ್ಟಿದ ಪದ್ಧತಿ ಇದು. ಅ, ಆ, ಇ, ಈ ಎಂದು ಸಾಲಾಗಿ ಬಾಯಿಪಾಠ ಮಾಡಿಸದೆ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಶುರು ಮಾಡುತ್ತದೆ. ಈ ಐದರಲ್ಲೇ ಸರ, ರಸ, ದರ, ಅಗಸ, ಅರಸ, ಗರಗಸ ಓದಬಹುದು. ಮೊದಲ ವಾರದಲ್ಲೇ 'ನನಗೆ ಓದಲು ಬಂತು' ಎಂಬ ಖುಷಿ ಮಗುವಿಗೆ ಸಿಗುತ್ತದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಕತ್ತರಿಸಿ ಕಾರ್ಡು ಮಾಡಿಕೊಂಡರೆ ಸಾಕು. ಆಮೇಲೆ ಓದಲು ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಹಂತಹಂತವಾಗಿ ಉಚಿತವಾಗಿ ಸಿಗುತ್ತವೆ. ಪಂಜೆ ಮಂಗೇಶರಾಯರ ಹಾಡುಗಳನ್ನು ಮಾತ್ರ ಪುಸ್ತಕ ತೆರೆಯದೆ, ಅಜ್ಜಿಯ ಬಾಯಿಂದಲೇ ಕಲಿಸುವುದು ಒಳ್ಳೆಯದು.

ಮುಂಬೈ ಕನ್ನಡಿಗರಲ್ಲಿ ಹಲವರ ಗಮನಕ್ಕೆ ಬಾರದ ಒಂದು ನಿಧಿಯಿದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ 'ಬಾಲಭಾರತಿ' ಸೊಲ್ಲಾಪುರ, ಸಾಂಗ್ಲಿ ಕಡೆಯ ಕನ್ನಡ ಶಾಲೆಗಳಿಗಾಗಿ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಮುದ್ರಿಸುತ್ತದೆ. ಅದರ ತಾಣದಲ್ಲಿ ಪಿಡಿಎಫ್ ಉಚಿತ. ಕರ್ನಾಟಕದ ಪುಸ್ತಕದಲ್ಲಿ ಮಕ್ಕಳು ಕಾವೇರಿ, ತುಂಗಭದ್ರೆಯ ಬಗ್ಗೆ ಓದಿದರೆ, ಇದರಲ್ಲಿ ತಾವು ಬೆಳೆಯುತ್ತಿರುವ ನಾಡಿನ ನದಿ, ಕೋಟೆ, ಶಿವಾಜಿ ಮಹಾರಾಜರ ಕಥೆಯನ್ನು ಕನ್ನಡದಲ್ಲಿ ಓದುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರೆ ಎರಡೂ ನೆಲ ಮಗುವಿನದಾಗುತ್ತವೆ. ವಿಜ್ಞಾನಕ್ಕೆ ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ 'ಸ್ಮಾಲ್ ಸೈನ್ಸ್' ಪುಸ್ತಕಗಳನ್ನು ನೋಡಿ. ಉತ್ತರವನ್ನು ಮೊದಲೇ ಹೇಳಿಬಿಡದೆ, ನೋಡು, ಎಣಿಸು, ಚಿತ್ರ ಬರೆ ಎನ್ನುತ್ತವೆ.

ಉಳಿದದ್ದನ್ನು ಈ ನಗರವೇ ಕಲಿಸುತ್ತದೆ. ನಿಲ್ದಾಣದ ಫಲಕದಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಮೂರೂ ಇವೆ. ಮಗಳು ದೇವನಾಗರಿ ಕಲಿತದ್ದು ಠಾಣೆಯಿಂದ ದಾದರಿನವರೆಗಿನ ಸ್ಲೋ ಲೋಕಲ್‌ನಲ್ಲಿ. ಐದು ದಾಟಿದವರಿಗೆ ಅರ್ಧ ಟಿಕೆಟ್ ಎಂಬುದೇ ಅವಳ ಮೊದಲ ಭಿನ್ನರಾಶಿ. ವರಳಿಯ ನೆಹರೂ ವಿಜ್ಞಾನ ಕೇಂದ್ರ, ಬೈಕುಲಾದ ರಾಣಿಬಾಗ್, ಬೊರಿವಲಿಯ ಕಾಡಿನೊಳಗಿನ ಕಾನ್ಹೇರಿ ಗುಹೆಗಳು ವಾರದ ದಿನಗಳಲ್ಲಿ ನೂಕುನುಗ್ಗಲಿಲ್ಲದೆ ಸಿಗುವುದು ಮನೆಶಿಕ್ಷಣದವರ ಭಾಗ್ಯ.

ಕಷ್ಟಗಳನ್ನೂ ಹೇಳಲೇಬೇಕು. ಪುಸ್ತಕಕ್ಕೆ ಹಣ ಹೆಚ್ಚು ಬೇಡ, ಆದರೆ ಸಮಯಕ್ಕೆ ಬೆಲೆಯಿದೆ. ಬೆಳಗಿನ ಮೂರು ಗಂಟೆ ಮಕ್ಕಳಿಗೆ ಕೊಡಬೇಕಾದ್ದರಿಂದ ನಾನು ಅರ್ಧ ಕೆಲಸ, ಅರ್ಧ ಸಂಬಳಕ್ಕೆ ಇಳಿದೆ. ಇಬ್ಬರೂ ಪೂರ್ತಿ ದುಡಿಯಲೇಬೇಕಾದ ಮನೆಗೆ, ಒಂದೇ ಕೋಣೆಯ ಖೋಲಿಯಲ್ಲಿ ಐದಾರು ಜನರಿರುವ ಮನೆಗೆ ಇದನ್ನು ಸಲಹೆಯಾಗಿ ಕೊಡಲಾರೆ. ಅಂಥವರಿಗೆ ಪಾಲಿಕೆಯ ಶಾಲೆಗಳಿವೆ. ಅವು ಕನ್ನಡ ಸೇರಿ ಎಂಟು ಭಾಷೆಗಳಲ್ಲಿ ನಡೆಯುತ್ತವೆ. ಹೋಟೆಲಿನಲ್ಲಿ ಹಗಲೆಲ್ಲ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ಊರಿದು. ಶಾಲೆ ಎಷ್ಟು ದೊಡ್ಡ ಆಸರೆ ಎಂಬುದನ್ನು ಇಲ್ಲಿಯ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಕಷ್ಟ ಒಡನಾಟದ್ದು. ಸಂಜೆ ಸೊಸೈಟಿಯ ಮಕ್ಕಳು ಆಟಕ್ಕೆ ಇಳಿಯುತ್ತಾರೆ, ನಿಜ. ಆದರೆ ಅವರು ತಮ್ಮ ಟೀಚರ್, ಡಬ್ಬಿ, ಗ್ಯಾದರಿಂಗ್ ಬಗ್ಗೆ ಮಾತಾಡುವಾಗ ಮಗಳು ಸುಮ್ಮನಿರುತ್ತಾಳೆ. ಈಚೆಗೆ "ನಾನೂ ಹೋಗ್ಲಾ?" ಎಂದು ಕೇಳಿದ್ದಾಳೆ. ಮಹಾರಾಷ್ಟ್ರದಲ್ಲಿ ಶಾಲೆ ಶುರುವಾಗುವುದು ಜೂನ್ ಮಧ್ಯಕ್ಕೆ. ಮೇ ತಿಂಗಳಲ್ಲಿ ನಾವು ಮತ್ತೆ ಕೂತು ಮಾತಾಡುತ್ತೇವೆ, ಈ ಸಲ ಅವಳನ್ನೂ ಕೂರಿಸಿಕೊಂಡು. ಅವಳು ಹೋಗುತ್ತೇನೆಂದರೆ ಕಳಿಸುತ್ತೇವೆ. ಮನೆಶಿಕ್ಷಣಕ್ಕೆ ಇಳಿಯುವವರೆಲ್ಲ ಹೀಗೆ ವರ್ಷಕ್ಕೊಮ್ಮೆ ಲೆಕ್ಕ ನೋಡಿಕೊಳ್ಳಬೇಕು ಎಂಬುದು ನನ್ನ ಮಾತು. ಜನ್ಮಪತ್ರ, ಆಧಾರ್, ಮಗು ಬರೆದ ವಹಿಗಳನ್ನು ಒಂದು ಫೈಲಿನಲ್ಲಿ ಜೋಪಾನವಾಗಿಡಿ. ಶಾಲೆಗೆ ಸೇರುವ ದಿನ ಅವು ಬೇಕಾಗುತ್ತವೆ. ಕನ್ನಡದ ಐದು ಅಕ್ಷರಗಳ ಕಾರ್ಡುಗಳನ್ನಂತೂ, ಮಗು ಯಾವ ಶಾಲೆಗೇ ಹೋಗಲಿ, ಇವತ್ತೇ ಕತ್ತರಿಸಿಡಿ.